ತಂದೆಗೆ ಕರುಳಿನ ಕ್ಯಾನ್ಸರ್ ಆಗಿತ್ತು, ನನ್ನ ಜೀನ್ ರಿಪೋರ್ಟ್ ‘ನೆಗೆಟಿವ್’ ಬಂದಿದೆ: ನಿಶ್ಚಿಂತೆಯಾಗಿರಬಹುದೇ?

ಪ್ರಶ್ನೆ: ನನಗೆ 36 ವರ್ಷ. ತಂದೆಗೆ 47ನೇ ವಯಸ್ಸಿನಲ್ಲಿ ದೊಡ್ಡಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಆಗಿ ಆಪರೇಷನ್ ಆಯಿತು. ಈಗ ಅವರಿಗೆ 63, ಆರೋಗ್ಯವಾಗಿದ್ದಾರೆ. ಅವರ ಅಕ್ಕ, ಅಂದರೆ ನನ್ನ ಸೋದರತ್ತೆಗೆ 52ರಲ್ಲಿ ಗರ್ಭಕೋಶದ ಕ್ಯಾನ್ಸರ್ ಬಂದಿತ್ತು. ಅಜ್ಜ ‘ಹೊಟ್ಟೆಯಲ್ಲಿ ಗೆಡ್ಡೆ’ ಆಗಿ ತೀರಿಕೊಂಡರಂತೆ. ಇದನ್ನೆಲ್ಲ ನೋಡಿ ಭಯವಾಗಿ ನಾನೇ ಒಂದು ಲ್ಯಾಬಿಗೆ ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದೆ. ‘ಕ್ಯಾನ್ಸರ್‌ಗೆ ಸಂಬಂಧಿಸಿದ ದೋಷ ಕಂಡುಬಂದಿಲ್ಲ’ ಎಂದು ಬಂದಿದೆ. ಇನ್ನು ನಿಶ್ಚಿಂತೆಯಾಗಿರಬಹುದೇ? ಅಣ್ಣನೂ ಇದೇ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಸದ್ಯಕ್ಕೆ ನಿಶ್ಚಿಂತರಾಗಬೇಡಿ. ನಿಮ್ಮ ರಿಪೋರ್ಟ್ ತಪ್ಪು ಎನ್ನುತ್ತಿಲ್ಲ, ಅದರಿಂದ ತಿಳಿಯುವುದು ಬಹಳ ಕಡಿಮೆ ಅಷ್ಟೇ. ವಂಶದಲ್ಲಿ ಹರಿದುಬರುವ ಕ್ಯಾನ್ಸರ್ ಅಪಾಯವನ್ನು ಹುಡುಕುವಾಗ ರೋಗ ಬಂದವರಿಂದ ಶುರು ಮಾಡಬೇಕು, ಬಾರದವರಿಂದಲ್ಲ. ನಿಮ್ಮ ಮನೆಯಲ್ಲಿ ಹಾಗೆ ರೋಗ ಬಂದವರು ನಿಮ್ಮ ತಂದೆ. ಅವರು ನಮ್ಮ ನಡುವೆ ಇದ್ದಾರೆ, ರಕ್ತ ಕೊಡಬಲ್ಲರು. ಎಷ್ಟೋ ಕುಟುಂಬಗಳಿಗೆ ಈ ಅನುಕೂಲ ಇರುವುದಿಲ್ಲ, ಅದನ್ನು ಬಿಡಬೇಡಿ.

ತಂದೆಯಲ್ಲಿ ದೋಷವಿರುವ ಜೀನ್ ಒಂದಿದ್ದರೆ ಅದು ಪ್ರತಿಯೊಬ್ಬ ಮಗ ಮಗಳಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮಲ್ಲಿ ಏನೂ ಸಿಗದಿರುವುದಕ್ಕೆ ಹಲವು ಕಾರಣಗಳಿರಬಹುದು. ತಂದೆಯಲ್ಲಿ ದೋಷವಿದ್ದು ಅದು ನಿಮಗೆ ಬಂದಿಲ್ಲದಿರಬಹುದು. ನಿಮಗೂ ಬಂದಿದ್ದು, ಆ ಪರೀಕ್ಷೆಯ ಕಣ್ಣಿಗೆ ಬಿದ್ದಿಲ್ಲದಿರಬಹುದು. ಇಲ್ಲವೇ ನಿಮ್ಮ ಮನೆಯ ಕ್ಯಾನ್ಸರ್‌ಗೆ ಒಂದೇ ಜೀನ್ ಕಾರಣವಾಗಿರಲಿಕ್ಕಿಲ್ಲ. ಈ ಮೂರರಲ್ಲಿ ಯಾವುದು ನಿಜ ಎಂಬುದು ನಿಮ್ಮ ರಕ್ತವೊಂದರಿಂದ ತಿಳಿಯುವುದಿಲ್ಲ. ತಂದೆಯಲ್ಲಿ ಇಂಥದ್ದೇ ದೋಷ ಎಂದು ಗುರುತು ಸಿಕ್ಕಿ, ಅದೇ ದೋಷ ನಿಮ್ಮಲ್ಲಿ ಇಲ್ಲ ಎಂದಾದರೆ ಮಾತ್ರ ಅದು ನಿಜವಾದ ನೆಗೆಟಿವ್. ಆಗ ನಿಮ್ಮ ಅಪಾಯ ಬೇರೆ ಯಾರಿಗಾದರೂ ಇರುವಷ್ಟೇ. ಎರಡೂ ರಿಪೋರ್ಟಿನಲ್ಲಿ ಬರೆದಿರುವುದು ಒಂದೇ ಪದ, ಆದರೆ ಅರ್ಥಕ್ಕೆ ಅಜಗಜಾಂತರ.

ಸಂಶಯ ಯಾಕೆ ಬರುತ್ತದೆ

ದೊಡ್ಡಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು 5ರಿಂದ 10 ಶೇಕಡದಷ್ಟು ಮಾತ್ರ ಒಂದೇ ಪ್ರಬಲ ಜೀನ್ ದೋಷದಿಂದ ಬರುತ್ತವೆ. ಆದರೆ 50 ವರ್ಷದ ಒಳಗೆ ಬಂದ ಕ್ಯಾನ್ಸರ್‌ಗಳನ್ನಷ್ಟೇ ತೆಗೆದುಕೊಂಡರೆ ಈ ಪಾಲು ಏರುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 50ರೊಳಗಿನ 450 ರೋಗಿಗಳ ಪೈಕಿ 16 ಶೇಕಡ ಜನರಲ್ಲಿ ವಂಶಪಾರಂಪರ್ಯದ ದೋಷ ಸಿಕ್ಕಿತ್ತು. ನಿಮ್ಮ ತಂದೆಗೆ ಆಗ 47. ಗೆಡ್ಡೆ ಇದ್ದದ್ದು ಬಲಭಾಗದಲ್ಲಿ. ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್. ಇವೆಲ್ಲ ಸೇರಿದಾಗ ಮೊದಲು ನೆನಪಾಗುವ ಹೆಸರು ಲಿಂಚ್ ಸಿಂಡ್ರೋಮ್, ಅಂದರೆ ಕರುಳು, ಗರ್ಭಕೋಶ ಮುಂತಾದ ಕಡೆ ಕ್ಯಾನ್ಸರ್ ಅಪಾಯ ಹೆಚ್ಚಿಸುವ, ವಂಶದಲ್ಲಿ ಹರಿದುಬರುವ ಜೀನ್ ದೋಷ.

ಗರ್ಭಕೋಶಕ್ಕೂ ಕರುಳಿಗೂ ಎಲ್ಲಿಯ ಸಂಬಂಧ ಎಂದು ಅನೇಕರಿಗೆ ಅನಿಸುತ್ತದೆ. ಹಾಗಾಗಿಯೇ ವೈದ್ಯರು ಮನೆಯ ಚರಿತ್ರೆ ಕೇಳುವಾಗ ಅತ್ತೆಯ ವಿಷಯ ಹೇಳುವುದೇ ಬಿಟ್ಟುಹೋಗುತ್ತದೆ. ಈ ನಂಟು ಗೊತ್ತಾಗಿ ಬಹಳ ಕಾಲವಾಯಿತು. ಅಮೆರಿಕದ ಮಿಶಿಗನ್‌ನಲ್ಲಿ ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ಥಿನ್ ಅವರಿಗೆ 1895ರಲ್ಲಿ ಒಬ್ಬ ಹೊಲಿಗೆ ಕೆಲಸದಾಕೆ, ‘ನಮ್ಮ ಮನೆಯವರೆಲ್ಲ ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಹೋಗಿದ್ದಾರೆ, ನಾನೂ ಹಾಗೇ ಹೋಗುತ್ತೇನೆ’ ಎಂದು ಹೇಳಿಕೊಂಡಿದ್ದರು. ಗರ್ಭಕೋಶದ ಕ್ಯಾನ್ಸರ್‌ನಿಂದಲೇ ಅವರು ತೀರಿಕೊಂಡರು. ಆ ಕುಟುಂಬದ ವಿವರವನ್ನು ವಾರ್ಥಿನ್ 1913ರಲ್ಲಿ ಪ್ರಕಟಿಸಿದರು. 1960ರ ದಶಕದಿಂದ ಹೆನ್ರಿ ಲಿಂಚ್ ಇಂಥ ಕುಟುಂಬಗಳ ಬೆನ್ನುಹತ್ತಿದರು. ಇದಕ್ಕೆ ಕಾರಣವಾಗುವ ಮೊದಲ ಜೀನ್ ಎಂಎಸ್‌ಎಚ್2 ಕೈಗೆ ಸಿಕ್ಕಿದ್ದು 1993ರಲ್ಲಿ.

ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎಯ ನಕಲು ತೆಗೆಯಬೇಕು, ತೆಗೆಯುವಾಗ ತಪ್ಪುಗಳಾಗುತ್ತವೆ. ಡಿಎನ್‌ಎ ಎಂದರೆ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಬರಹ, ಅದರಲ್ಲಿ ಒಂದೇ ಅಕ್ಷರ ಸಾಲಾಗಿ ಬಂದಲ್ಲಿ ತಪ್ಪು ಹೆಚ್ಚು. ಎಂಎಸ್‌ಎಚ್2 ಜೀನಿನ ಒಳಗೇ ‘ಎ’ ಅಕ್ಷರ ಸತತವಾಗಿ 26 ಸಲ ಬರುವ ಜಾಗವೊಂದಿದೆ, ಬ್ಯಾಟ್-26 ಎಂದು ಅದಕ್ಕೆ ಹೆಸರು. ನಕಲು ಮಾಡುವಾಗ 26ರ ಬದಲು 25 ಅಥವಾ 24 ಬರೆದುಬಿಡುವುದು ಸುಲಭ. ಇಂಥ ತಪ್ಪನ್ನು ಹಿಡಿದು ತಿದ್ದುವ ಪ್ರೊಟೀನ್‌ಗಳು ಜೋಡಿಯಾಗಿ ಕೆಲಸ ಮಾಡುತ್ತವೆ: ಎಂಎಲ್‌ಎಚ್1 ಜತೆ ಪಿಎಂಎಸ್2, ಎಂಎಸ್‌ಎಚ್2 ಜತೆ ಎಂಎಸ್‌ಎಚ್6. ಲಿಂಚ್ ಇರುವವರಿಗೆ ಈ ನಾಲ್ಕರಲ್ಲಿ ಯಾವುದೋ ಒಂದು ಜೀನಿನ ಎರಡು ಪ್ರತಿಗಳ ಪೈಕಿ ಒಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಕರುಳಿನ ಯಾವುದೋ ಕೋಶದಲ್ಲಿ ಉಳಿದ ಒಳ್ಳೆಯ ಪ್ರತಿಯೂ ಕೆಟ್ಟರೆ ಅಲ್ಲಿಂದ ತಪ್ಪುಗಳು ರಾಶಿ ಬೀಳುತ್ತವೆ. ಸಾಮಾನ್ಯವಾಗಿ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು) ಕ್ಯಾನ್ಸರ್ ಆಗಲು ಹತ್ತು ವರ್ಷದ ಆಸುಪಾಸು ಬೇಕು. ಲಿಂಚ್‌ನಲ್ಲಿ ಎರಡು ಮೂರು ವರ್ಷ ಸಾಕಾಗಬಹುದು. ಲಿಂಚ್ ಇರುವವರಿಗೆ ಪದೇ ಪದೇ ತಪಾಸಣೆ ಬೇಕಾಗುವುದು ಇದಕ್ಕೇ.

ಮೊದಲು ವಂಶವೃಕ್ಷ, ಅದೂ ಕಾಗದಪತ್ರ ಸಮೇತ

ಮೂರು ತಲೆಮಾರು ಬರೆಯಿರಿ, ತಾಯಿಯ ಕಡೆಯದ್ದನ್ನೂ ಬಿಡದೆ. ಪ್ರತಿಯೊಬ್ಬರಿಗೂ ರೋಗ ಪತ್ತೆಯಾದ ವಯಸ್ಸು ಬೇಕು, ತೀರಿಕೊಂಡ ವಯಸ್ಸಲ್ಲ. ಜನ ಹೇಳುವುದು ಸಾಮಾನ್ಯವಾಗಿ ಎರಡನೆಯದನ್ನು. ಕರುಳು, ಗರ್ಭಕೋಶವಲ್ಲದೆ ಅಂಡಾಶಯ, ಜಠರ, ಸಣ್ಣಕರುಳು, ಮೂತ್ರನಾಳ, ಪಿತ್ತನಾಳ, ಮೇದೋಜೀರಕ, ಮಿದುಳಿನ ಗೆಡ್ಡೆ, ಚರ್ಮದ ಎಣ್ಣೆಗ್ರಂಥಿಯ ಗೆಡ್ಡೆಗಳನ್ನೂ ಗುರುತು ಹಾಕಿ. ಬೇರೆ ಯಾವುದೋ ಕಾರಣಕ್ಕೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡ ಹೆಂಗಸರಿದ್ದರೆ ಅದನ್ನೂ ಬರೆಯಿರಿ. ಅವರಿಗೆ ಕ್ಯಾನ್ಸರ್ ಬರಲಿಲ್ಲ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಅಜ್ಜನ ‘ಹೊಟ್ಟೆಯ ಗೆಡ್ಡೆ’ಯ ಮೇಲೆ ಬಹಳ ನಿಂತಿದೆ. ಆಮ್‌ಸ್ಟರ್‌ಡ್ಯಾಂ ನಿಯಮ ಎಂಬ, ಲಿಂಚ್ ಕುಟುಂಬಗಳನ್ನು ಗುರುತಿಸುವ ಹಳೆಯ ಅಳತೆಗೋಲೊಂದಿದೆ, 1999ರಲ್ಲಿ ಪರಿಷ್ಕರಿಸಿದ್ದು. ಲಿಂಚ್ ಬಗೆಯ ಕ್ಯಾನ್ಸರ್ ಮೂವರು ಬಂಧುಗಳಲ್ಲಿ ಇರಬೇಕು, ಅವರಲ್ಲೊಬ್ಬರು ಉಳಿದಿಬ್ಬರಿಗೆ ತಂದೆ-ತಾಯಿ, ಒಡಹುಟ್ಟು ಅಥವಾ ಮಕ್ಕಳ ಸಂಬಂಧದವರಾಗಿರಬೇಕು, ಎರಡು ತಲೆಮಾರು ಒಳಗೊಂಡಿರಬೇಕು, ಒಬ್ಬರಿಗಾದರೂ 50ರೊಳಗೆ ಬಂದಿರಬೇಕು. ಅಜ್ಜನದ್ದು ಕರುಳಿನ ಕ್ಯಾನ್ಸರ್ ಆಗಿದ್ದರೆ ನಿಮ್ಮ ಕುಟುಂಬ ಈ ನಿಯಮದೊಳಗೆ ಬಂದಂತೆ. ಯಕೃತ್ತಿನದೋ ಇನ್ನೊಂದರದೋ ಆಗಿದ್ದರೆ ಬರುವುದಿಲ್ಲ. ಹಳೆಯ ಡಿಸ್‌ಚಾರ್ಜ್ ಚೀಟಿ, ಆಪರೇಷನ್ ಟಿಪ್ಪಣಿ, ಏನಾದರೂ ಮನೆಯ ಪೆಟ್ಟಿಗೆಯಲ್ಲಿ ಇದೆಯೇ ಹುಡುಕಿ. ಸಿಗದಿದ್ದರೂ ಹುಡುಕಾಟ ನಿಲ್ಲಿಸಬೇಕಿಲ್ಲ. ಮಕ್ಕಳು ಕಡಿಮೆ ಇರುವ ಮನೆ, ಬೇರೆ ಕಾರಣಕ್ಕೆ ಬೇಗ ತೀರಿಕೊಂಡವರಿರುವ ಮನೆಗಳಲ್ಲಿ ಲಿಂಚ್ ಇದ್ದೂ ನಿಯಮಕ್ಕೆ ಸಿಗುವುದಿಲ್ಲ. ಅದಕ್ಕೇ ಈಗ ಕುಟುಂಬದ ಚರಿತ್ರೆ ಹೇಗೇ ಇರಲಿ, ಕರುಳಿನ ಪ್ರತಿಯೊಂದು ಕ್ಯಾನ್ಸರ್ ಗೆಡ್ಡೆಯನ್ನೂ ಪರೀಕ್ಷಿಸಬೇಕು ಎಂಬುದು ತಜ್ಞ ಸಂಸ್ಥೆಗಳ ಸಲಹೆ. ನಿಮ್ಮ ತಂದೆಯ ಆಪರೇಷನ್ ಆದಾಗ ಅದು ಎಲ್ಲೆಡೆ ರೂಢಿಗೆ ಬಂದಿರಲಿಲ್ಲ.

ತಂದೆಯ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡಕರುಳಿನ ಒಳಗೆ ನೋಡುವ ಪರೀಕ್ಷೆ) ರಿಪೋರ್ಟುಗಳಲ್ಲಿ ಪಾಲಿಪ್‌ಗಳ ಸಂಖ್ಯೆ ನೋಡಿ. ಒಂದೆರಡು ಇದ್ದರೆ ಈಗ ಹೇಳುತ್ತಿರುವ ದಾರಿ. ಇಷ್ಟು ವರ್ಷಗಳಲ್ಲಿ ಒಟ್ಟು ಹತ್ತಕ್ಕಿಂತ ಹೆಚ್ಚು ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಲ್ಲ ಬಗೆಯ ಪಾಲಿಪ್) ತೆಗೆದಿದ್ದರೆ ದಾರಿ ಬೇರೆ, ಅದನ್ನು ಮುಂದೆ ಹೇಳುತ್ತೇವೆ.

ಹದಿನಾರು ವರ್ಷ ಹಳೆಯ ಬ್ಲಾಕ್

ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಯ ತುಣುಕುಗಳನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕಾಪಿಡುತ್ತಾರೆ. ಇದೇ ಪ್ಯಾರಾಫಿನ್ ಬ್ಲಾಕ್. ಆಸ್ಪತ್ರೆಗಳು ಇದನ್ನು ಎಷ್ಟು ವರ್ಷ ಇಡುತ್ತವೆ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಆದ್ದರಿಂದ ಈ ವಾರವೇ ವಿಚಾರಿಸಿ. ಪೆಥಾಲಜಿ ರಿಪೋರ್ಟಿನ ಮೇಲಿರುವ ಬಯಾಪ್ಸಿ ಸಂಖ್ಯೆಯೇ ಬ್ಲಾಕ್ ಹುಡುಕಲು ಕೀಲಿಕೈ. ತಂದೆಯ ಲಿಖಿತ ಒಪ್ಪಿಗೆ ಜತೆಗಿರಲಿ. ಹಳೆಯ ಸ್ಲೈಡ್ ಕೊಡುತ್ತೇವೆ ಎಂದರೆ ‘ಬ್ಲಾಕೇ ಬೇಕು’ ಎನ್ನಿ. ಕತ್ತರಿಸಿ ವರ್ಷಗಟ್ಟಲೆ ಇಟ್ಟ ಪದರಗಳಲ್ಲಿ ಪ್ರೊಟೀನ್ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಇಲ್ಲದ ನಷ್ಟ ಇದ್ದಂತೆ ಕಾಣಬಹುದು.

ಬ್ಲಾಕಿನಿಂದ 4–5 ಮೈಕ್ರೋಮೀಟರ್ ದಪ್ಪದ ಪದರ ಕತ್ತರಿಸಿ, ನಾಲ್ಕು ಪ್ರೊಟೀನ್‌ಗಳಿಗೂ ಪ್ರತ್ಯೇಕವಾಗಿ ಬಣ್ಣ ಹಾಕಿಸುವ ಪರೀಕ್ಷೆಗೆ ಇಮ್ಯುನೊಹಿಸ್ಟೋಕೆಮಿಸ್ಟ್ರಿ, ಚಿಕ್ಕದಾಗಿ ಐಎಚ್‌ಸಿ ಎನ್ನುತ್ತಾರೆ. ಮೈಕ್ರೋಸ್ಕೋಪಿನಡಿ ನೋಡಿದರೆ ಪ್ರೊಟೀನ್ ಇರುವ ಕೋಶಕೇಂದ್ರ ಕಂದುಬಣ್ಣದಲ್ಲಿ ಕಾಣುತ್ತದೆ, ಇಲ್ಲದ್ದು ನೀಲಿಯಾಗಿಯೇ ಉಳಿಯುತ್ತದೆ. ಎಂಎಸ್‌ಎಚ್2 ಕಳೆದುಕೊಂಡ ಗೆಡ್ಡೆಯಲ್ಲಿ ಕ್ಯಾನ್ಸರ್ ಗ್ರಂಥಿಗಳೆಲ್ಲ ನೀಲಿ, ಅವುಗಳ ಸಂದಿಯಲ್ಲಿ ತುಂಬಿಕೊಂಡ ಪುಟ್ಟ ಬಿಳಿರಕ್ತಕಣಗಳಾದ ಲಿಂಫೋಸೈಟ್‌ಗಳು ಮಾತ್ರ ಕಂದು. ಆ ಕಂದು ಚುಕ್ಕೆಗಳೇ ಪರೀಕ್ಷೆಯ ಸಾಕ್ಷಿ. ಅವೂ ನೀಲಿಯಾಗಿದ್ದರೆ ಬಣ್ಣವೇ ಹಿಡಿದಿಲ್ಲ ಎಂದರ್ಥ, ಆ ಸ್ಲೈಡಿನ ಮೇಲೆ ತೀರ್ಮಾನ ಕೊಡಬಾರದು. ಹಳೆಯ ಬ್ಲಾಕ್‌ಗಳಲ್ಲಿ, ಫಾರ್ಮಲಿನ್ ಒಳಗಿನ ತನಕ ಇಳಿಯದ ದೊಡ್ಡ ತುಂಡುಗಳಲ್ಲಿ ಹೀಗಾಗುತ್ತದೆ.

ಇಲ್ಲಿ ಜನ ಎಡವುವುದು ‘ಪಾಸಿಟಿವ್’ ಎಂಬ ಪದದಲ್ಲಿ. ಐಎಚ್‌ಸಿ ರಿಪೋರ್ಟಿನಲ್ಲಿ ‘ಎಂಎಲ್‌ಎಚ್1 ಪಾಸಿಟಿವ್’ ಎಂದರೆ ಪ್ರೊಟೀನ್ ಇದೆ, ಅಂದರೆ ಒಳ್ಳೆಯದು. ಜೀನ್ ರಿಪೋರ್ಟಿನಲ್ಲಿ ‘ಎಂಎಲ್‌ಎಚ್1 ಪಾಸಿಟಿವ್’ ಎಂದರೆ ದೋಷ ಇದೆ. ಪೂರ್ತಿ ತದ್ವಿರುದ್ಧ. ಪ್ರೊಟೀನ್ ‘ಉಳಿದಿದೆ’ ಅಥವಾ ‘ಕಳೆದಿದೆ’ ಎಂದು ಸ್ಪಷ್ಟವಾಗಿ ಬರೆದುಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ಎಂಎಸ್‌ಎಚ್2, ಎಂಎಸ್‌ಎಚ್6 ಎರಡೂ ಕಳೆದಿದ್ದರೆ ಎಂಎಸ್‌ಎಚ್2 ಜೀನಿನ ಮೇಲೆ, ಅದರ ಪಕ್ಕದ ಎಪಿಕ್ಯಾಮ್ ಜೀನಿನ ಬಾಲದ ಮೇಲೆ ಕಣ್ಣು. ಎಪಿಕ್ಯಾಮ್‌ನ ಕೊನೆಯ ತುಂಡು ಬಿದ್ದುಹೋದರೆ ಅದರಾಚೆಗಿನ ಎಂಎಸ್‌ಎಚ್2 ಕೂಡ ಬಾಯಿ ಮುಚ್ಚುತ್ತದೆ. ಎಂಎಸ್‌ಎಚ್6 ಒಂದೇ ಕಳೆದಿದ್ದರೆ ಆ ಜೀನ್, ಪಿಎಂಎಸ್2 ಒಂದೇ ಕಳೆದಿದ್ದರೆ ಆ ಜೀನ್. ಇವು ನೇರ.

ಎಂಎಲ್‌ಎಚ್1 ಮತ್ತು ಪಿಎಂಎಸ್2 ಜೋಡಿ ಕಳೆದಿದ್ದರೆ ಮಾತ್ರ ಅವಸರ ಪಡಬೇಡಿ. ವಂಶಕ್ಕೆ ಸಂಬಂಧವೇ ಇಲ್ಲದೆ, ಗೆಡ್ಡೆಯೊಳಗೆ ಎಂಎಲ್‌ಎಚ್1 ಜೀನಿನ ಆರಂಭಕ್ಕೆ ಮಿಥೈಲ್ ಎಂಬ ರಾಸಾಯನಿಕ ಗುಂಪು ಅಂಟಿಕೊಂಡು ಜೀನ್ ನಿಂತುಹೋಗುವುದುಂಟು. ವಯಸ್ಸಾದವರಲ್ಲಿ ಇದೇ ಹೆಚ್ಚು. ಒಟ್ಟು ಕರುಳಿನ ಕ್ಯಾನ್ಸರ್‌ಗಳಲ್ಲಿ ತಿದ್ದುವ ವ್ಯವಸ್ಥೆ ಕೆಟ್ಟವು ಸುಮಾರು 15 ಶೇಕಡ, ಅವುಗಳಲ್ಲಿ ಬಹುಪಾಲು ಈ ಬಗೆಯವು, ಲಿಂಚ್ ಅಲ್ಲ. ಬೇರ್ಪಡಿಸಲು ಅದೇ ಬ್ಲಾಕಿನಲ್ಲಿ ಬ್ರಾಫ್ ಎಂಬ ಇನ್ನೊಂದು ಜೀನಿನ ವಿ600ಇ ಬದಲಾವಣೆ ಮತ್ತು ಎಂಎಲ್‌ಎಚ್1 ಮಿಥೈಲೇಶನ್ ನೋಡುತ್ತಾರೆ. ಬ್ರಾಫ್ ಬದಲಾವಣೆ ಇದ್ದರೆ ಲಿಂಚ್ ಸಾಧ್ಯತೆ ಬಹಳ ಕಡಿಮೆ. ಇಲ್ಲದಿದ್ದರೆ ಲಿಂಚ್ ಎಂದು ಸಾಬೀತಾಗಲಿಲ್ಲ, ಮಿಥೈಲೇಶನ್ ನೋಡಲೇಬೇಕು. ನಿಮ್ಮ ಸೋದರತ್ತೆಯ ಗರ್ಭಕೋಶದ ಬ್ಲಾಕ್ ಸಿಕ್ಕರೆ ಅಲ್ಲಿ ಬ್ರಾಫ್ ಪರೀಕ್ಷೆಗೆ ಹಣ ಹಾಕಬೇಡಿ. ಗರ್ಭಕೋಶದ ಕ್ಯಾನ್ಸರ್‌ನಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ, ನೇರವಾಗಿ ಮಿಥೈಲೇಶನ್‌ಗೆ ಹೋಗಿ. 47ನೇ ವಯಸ್ಸಿನವರ ಗೆಡ್ಡೆಯಲ್ಲಿ ಮಿಥೈಲೇಶನ್ ಕಂಡರೂ, ಕುಟುಂಬದ ಚರಿತ್ರೆ ಇಷ್ಟು ಬಲವಾಗಿರುವಾಗ ರಕ್ತಪರೀಕ್ಷೆ ಬಿಡಬಾರದು ಎಂಬುದು ನಮ್ಮ ಅಭಿಪ್ರಾಯ. ಅಪರೂಪಕ್ಕೆ ಆ ಮಿಥೈಲೇಶನ್ ಗೆಡ್ಡೆಯಲ್ಲಿ ಮಾತ್ರವಲ್ಲ, ದೇಹದ ಎಲ್ಲ ಕೋಶಗಳಲ್ಲೂ ಇರುತ್ತದೆ.

ನಾಲ್ಕೂ ಉಳಿದಿವೆ ಎಂದು ಬಂದರೆ ಲಿಂಚ್ ಸಾಧ್ಯತೆ ಇಳಿಯುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. ಪ್ರೊಟೀನ್ ತಯಾರಾಗುತ್ತದೆ, ಬಣ್ಣವೂ ಹಿಡಿಯುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ ಎಂಬ ದೋಷಗಳಿವೆ. ಹಾಗಾಗಿ ಸಂಶಯ ಉಳಿದರೆ ಎಂಎಸ್‌ಐ ಪರೀಕ್ಷೆ ಸೇರಿಸಬೇಕು. ಮೇಲೆ ಹೇಳಿದ ಬ್ಯಾಟ್-26ರಂಥ ಜಾಗಗಳ ಉದ್ದ ಗೆಡ್ಡೆಯಲ್ಲಿ ಬದಲಾಗಿದೆಯೇ ಎಂದು ಅಳೆಯುವುದು ಇದು. ಐದು ಜಾಗಗಳ ಪರೀಕ್ಷೆಯಲ್ಲಿ ಎರಡು ಅಥವಾ ಹೆಚ್ಚು ಕಡೆ ಬದಲಾಗಿದ್ದರೆ ತಿದ್ದುವ ವ್ಯವಸ್ಥೆ ಕೆಟ್ಟಿದೆ ಎಂದರ್ಥ, ಅದಕ್ಕೆ ಹೆಸರು ‘ಎಂಎಸ್‌ಐ ಹೈ’. ಆರಿಸಿದ ತುಂಡಿನಲ್ಲಿ ಕ್ಯಾನ್ಸರ್ ಕೋಶಗಳಿಗಿಂತ ಸಾಮಾನ್ಯ ಕೋಶಗಳೇ ಹೆಚ್ಚಿದ್ದರೆ ಬದಲಾವಣೆ ಮುಚ್ಚಿಹೋಗುತ್ತದೆ. ಎಂಎಸ್‌ಎಚ್6 ದೋಷದ ಗೆಡ್ಡೆಗಳು ಕೆಲವೊಮ್ಮೆ ಈ ಪರೀಕ್ಷೆಗೆ ಸಿಗುವುದೇ ಇಲ್ಲ, ಅಲ್ಲಿ ಐಎಚ್‌ಸಿಯೇ ಮೇಲು.

ಬ್ಲಾಕ್ ಸಿಗಲಿಲ್ಲ ಎಂದು ಕೈಚೆಲ್ಲಿ ಕೂರಬೇಡಿ. ನೇರವಾಗಿ ತಂದೆಯ ರಕ್ತಪರೀಕ್ಷೆಗೆ ಹೋಗಬಹುದು, ಅವರ ವಯಸ್ಸಿನ ಆಧಾರದ ಮೇಲೆ ಅಷ್ಟು ಅರ್ಹತೆ ಇದ್ದೇ ಇದೆ. ಬ್ಲಾಕ್ ಇದ್ದರೆ ಎಲ್ಲಿ ಹುಡುಕಬೇಕೆಂದು ಅದು ಬೆರಳು ಮಾಡಿ ತೋರಿಸುತ್ತದೆ.

ತಂದೆಯ ರಕ್ತ: ಲ್ಯಾಬಿಗೆ ಕೇಳಬೇಕಾದ್ದು

ಮಾದರಿ ಕೊಡುವುದು ಸುಲಭ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 3–5 ಮಿಲಿ ರಕ್ತ ಸಾಕು, ಉಪವಾಸ ಬೇಡ. ಎಂಜಲಿನ ಮಾದರಿಯಾದರೆ ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನದೆ ಕುಡಿಯದೆ ಇರಬೇಕು. ಮೂಳೆಮಜ್ಜೆ ಕಸಿ ಆದವರ ರಕ್ತದಲ್ಲಿ ಸಿಗುವುದು ದಾನಿಯ ಡಿಎನ್‌ಎ, ಅವರಿಗೆ ಚರ್ಮದ ತುಣುಕಿನಿಂದ ಬೆಳೆಸಿದ ಕೋಶ ಬೇಕಾಗುತ್ತದೆ.

ಕಷ್ಟವಿರುವುದು ಪರೀಕ್ಷೆಯ ಒಳಗೆ. ಅನೇಕ ಜೀನ್‌ಗಳನ್ನು ಒಟ್ಟಿಗೆ ನೋಡುವ ಇವತ್ತಿನ ಪ್ಯಾನಲ್ ಪರೀಕ್ಷೆಗಳು ಡಿಎನ್‌ಎಯನ್ನು ಚೂರುಚೂರು ಮಾಡಿ ಓದಿ ಮತ್ತೆ ಜೋಡಿಸುತ್ತವೆ. ಒಂದಕ್ಷರದ ತಪ್ಪು ಚೆನ್ನಾಗಿ ಸಿಗುತ್ತದೆ. ಇಡೀ ಒಂದೆರಡು ಎಕ್ಸಾನ್, ಅಂದರೆ ಜೀನಿನ ಅಧ್ಯಾಯವೇ ಕಿತ್ತುಹೋಗಿದ್ದರೆ, ಉಳಿದ ಒಳ್ಳೆಯ ಪ್ರತಿಯನ್ನು ಓದಿ ‘ಎಲ್ಲ ಸರಿ’ ಎಂದುಬಿಡುವ ಅಪಾಯವಿದೆ. ಎಂಎಸ್‌ಎಚ್2 ದೋಷಗಳಲ್ಲಿ ಗಣನೀಯ ಪಾಲು ಇಂಥ ದೊಡ್ಡ ಅಳಿಸುವಿಕೆಗಳೇ. ಆದ್ದರಿಂದ ಡಿಲೀಶನ್ (ಭಾಗ ಅಳಿಸಿಹೋಗಿರುವುದು), ಡೂಪ್ಲಿಕೇಶನ್ (ಭಾಗ ಎರಡು ಸಲ ಬಂದಿರುವುದು) ನೋಡುತ್ತೀರಾ, ಎಂಎಲ್‌ಪಿಎ ಅಥವಾ ಅದಕ್ಕೆ ಸಮನಾದ, ಪ್ರತಿಗಳನ್ನು ಎಣಿಸುವ ವಿಧಾನದಿಂದ ಖಚಿತಪಡಿಸುತ್ತೀರಾ ಎಂದು ಕೇಳಿ. ಎಪಿಕ್ಯಾಮ್‌ನ ಕೊನೆಯ ಭಾಗ ಸೇರಿದೆಯೇ ಕೇಳಿ. ಎಂಎಸ್‌ಎಚ್2ರ 1ರಿಂದ 7ನೇ ಎಕ್ಸಾನ್‌ವರೆಗಿನ ಭಾಗ ತಲೆಕೆಳಗಾಗುವ ಒಂದು ದೋಷವಿದೆ. ಅಕ್ಷರಗಳೆಲ್ಲ ಇರುತ್ತವೆ, ದಿಕ್ಕು ಮಾತ್ರ ತಿರುಗಿರುತ್ತದೆ, ಹಾಗಾಗಿ ಎಣಿಕೆಯಲ್ಲಿ ಸಿಗುವುದಿಲ್ಲ. ಇದನ್ನು ಹುಡುಕುತ್ತೀರಾ ಎಂದೂ ಕೇಳಬೇಕು.

ಪಿಎಂಎಸ್2ಗೆ ಬೇರೆಯೇ ಪೀಡೆ. ಅದರ ಕೊನೆಯ ಭಾಗ, 11ರಿಂದ 15ನೇ ಎಕ್ಸಾನ್‌ಗಳನ್ನು ಬಹುತೇಕ ಅಚ್ಚಿಳಿಸಿದಂತಿರುವ, ಕೆಲಸ ಮಾಡದ ಹುಸಿಜೀನೊಂದು ಪಕ್ಕದಲ್ಲೇ ಇದೆ. ಚೂರುಗಳನ್ನು ಓದುವಾಗ ಯಾವುದು ಅಸಲಿ, ಯಾವುದು ಹುಸಿ ಎಂದು ಗೊಂದಲವಾಗುತ್ತದೆ. ಇದ್ದ ದೋಷ ತಪ್ಪಿಸಿಕೊಳ್ಳಬಹುದು, ಹುಸಿಜೀನಿನ ವ್ಯತ್ಯಾಸವನ್ನೇ ದೋಷವೆಂದು ಕರೆದುಬಿಡಲೂಬಹುದು. ಉದ್ದನೆಯ ತುಣುಕನ್ನು ಪಿಸಿಆರ್ (ಡಿಎನ್‌ಎಯ ನಕಲು ಹೆಚ್ಚಿಸುವ ವಿಧಾನ) ಮಾಡಿ ಬೇರ್ಪಡಿಸುವ ಲ್ಯಾಬ್ ಆಗಿರಬೇಕು.

ತಪ್ಪಿಸಿಕೊಳ್ಳುವ ಇನ್ನೊಂದು ದೋಷವನ್ನು ಹತ್ತಿರದಿಂದ ನೋಡೋಣ. ಎಂಎಸ್‌ಎಚ್2 ಸಿ.942+3ಎ>ಟಿ. ಜಗತ್ತಿನ ಅನೇಕ ಕಡೆಯ ಲಿಂಚ್ ಕುಟುಂಬಗಳಲ್ಲಿ ಮತ್ತೆ ಮತ್ತೆ ಸಿಕ್ಕ ದೋಷವಿದು. ಓದುವ ಕ್ರಮ ಹೀಗೆ: ಜೀನಿನ ಸಂಕೇತಭಾಗದ 942ನೇ ಅಕ್ಷರ ಮುಗಿದು, ಅಲ್ಲಿಂದ ಇಂಟ್ರಾನ್ (ಎಕ್ಸಾನ್‌ಗಳ ನಡುವಿನ, ಪ್ರೊಟೀನ್ ಸಂಕೇತವಿಲ್ಲದ ಭಾಗ) ಒಳಗೆ ಮೂರನೇ ಅಕ್ಷರ ‘ಎ’ ಇರಬೇಕಾದಲ್ಲಿ ‘ಟಿ’ ಆಗಿದೆ. ಇಷ್ಟಕ್ಕೇ ಐದನೇ ಎಕ್ಸಾನ್ ಪೂರ್ತಿ ಬಿಟ್ಟುಹೋಗಿ ಪ್ರೊಟೀನ್ ಕೆಡುತ್ತದೆ. ಇದು ಇರುವುದು ಆಗಲೇ ಹೇಳಿದ 26 ‘ಎ’ಗಳ ಸಾಲಿನ ಬಾಯಲ್ಲಿ. ಆ ಸಾಲನ್ನು ಯಂತ್ರಗಳೂ ತೊದಲುತ್ತಲೇ ಓದುತ್ತವೆ. ಸಾಫ್ಟ್‌ವೇರಿನ ಜರಡಿ ಬಿಗಿಯಾಗಿದ್ದರೆ ‘ಓದಿನ ತಪ್ಪು’ ಎಂದು ನಿಜವಾದ ದೋಷವನ್ನೇ ಸೋಸಿ ಚೆಲ್ಲುತ್ತದೆ. ತಂದೆಯ ಗೆಡ್ಡೆಯಲ್ಲಿ ಎಂಎಸ್‌ಎಚ್2 ಕಳೆದಿದೆ ಎಂದು ಮೊದಲೇ ಗೊತ್ತಿದ್ದರೆ ಲ್ಯಾಬಿನವರು ಆ ಜಾಗವನ್ನು ಕಣ್ಣಿಟ್ಟು ನೋಡುತ್ತಾರೆ. ಆದ್ದರಿಂದ ರಕ್ತದ ಜತೆ ಐಎಚ್‌ಸಿ ರಿಪೋರ್ಟ್, ವಂಶವೃಕ್ಷ ಎರಡನ್ನೂ ಕಳಿಸಿ.

ಮನೆಗೇ ತರಿಸಿಕೊಂಡು ಎಂಜಲು ಕಳಿಸುವ ಕಿಟ್‌ಗಳು ಈ ಕೆಲಸಕ್ಕೆ ಆಗುವುದಿಲ್ಲ. ಅವುಗಳಲ್ಲಿ ಬಹಳಷ್ಟು ಕೆಲವೇ ಗೊತ್ತಾದ ಬಿಂದುಗಳನ್ನು ನೋಡುತ್ತವೆ, ಜೀನನ್ನು ಪೂರ್ತಿ ಓದುವುದಿಲ್ಲ. ನಿಮ್ಮ ಪರೀಕ್ಷೆ ಯಾವ ಬಗೆಯದ್ದು ಎಂದು ರಿಪೋರ್ಟಿನ ಕೊನೆಯ ಪುಟದ ‘ವಿಧಾನ ಮತ್ತು ಮಿತಿಗಳು’ ಭಾಗದಲ್ಲಿರುತ್ತದೆ. ಸಾಮಾನ್ಯವಾಗಿ ಯಾರೂ ಓದದ ಪುಟ ಅದು, ನೀವು ಮೊದಲು ಓದಬೇಕಾದ್ದೂ ಅದೇ.

ಪಾಲಿಪ್‌ಗಳು ಹೆಚ್ಚಿದ್ದರೆ

ನೂರಾರು ಪಾಲಿಪ್‌ಗಳಿದ್ದರೆ ಎಪಿಸಿ ಜೀನ್ ನೋಡಬೇಕು. ಅದರ ದೋಷದಿಂದ ಬರುವ ಎಫ್‌ಎಪಿ ಕಾಯಿಲೆಯಲ್ಲಿ ಕರುಳು ತೆಗೆಯದಿದ್ದರೆ ಕ್ಯಾನ್ಸರ್ ಹೆಚ್ಚುಕಡಿಮೆ ಖಚಿತ. ಮಕ್ಕಳ ತಪಾಸಣೆ 10–12ನೇ ವಯಸ್ಸಿಗೇ ಶುರು. ಸುಮಾರು ನಾಲ್ಕರಲ್ಲೊಬ್ಬರಿಗೆ ಇದು ಹೊಸದಾಗಿ ಹುಟ್ಟಿದ ದೋಷ, ಅಪ್ಪ ಅಮ್ಮನಲ್ಲಿ ಇರುವುದಿಲ್ಲ. ಹತ್ತರಿಂದ ನೂರರ ನಡುವೆ ಪಾಲಿಪ್ ಇದ್ದರೆ ಎಪಿಸಿಯ ಸೌಮ್ಯ ರೂಪ ಅಥವಾ ಮ್ಯೂಟಿವೈಎಚ್ ಜೀನ್. ಮ್ಯೂಟಿವೈಎಚ್‌ನಲ್ಲಿ ಎರಡೂ ಪ್ರತಿ ಕೆಟ್ಟರೆ ಮಾತ್ರ ಕಾಯಿಲೆ. ಹಾಗಾಗಿ ಅಪ್ಪ ಅಮ್ಮ ಆರೋಗ್ಯವಾಗಿದ್ದು, ಒಡಹುಟ್ಟಿದವರಲ್ಲಿ ಕಾಣಿಸಿಕೊಳ್ಳುತ್ತದೆ, ಪ್ರತಿಯೊಬ್ಬರಿಗೂ ನಾಲ್ಕರಲ್ಲೊಂದು ಪಾಲು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದನ್ನು ಮರೆಯಬಾರದು. ಒಳ್ಳೆಯ ಪ್ಯಾನಲ್‌ನಲ್ಲಿ ಇವೆರಡರ ಜತೆ ಪಿಓಎಲ್‌ಇ, ಪಿಓಎಲ್‌ಡಿ1, ಎನ್‌ಟಿಎಚ್‌ಎಲ್1, ಎಸ್‌ಟಿಕೆ11, ಎಸ್‌ಎಂಎಡಿ4, ಬಿಎಂಪಿಆರ್1ಎ, ಪಿಟೆನ್ ಜೀನ್‌ಗಳೂ ಇರುತ್ತವೆ.

ರಿಪೋರ್ಟ್ ಬಂದ ಮೇಲೆ

ಸಿಕ್ಕ ವ್ಯತ್ಯಾಸವನ್ನು ಐದು ದರ್ಜೆಗಳಲ್ಲಿ ಇಡುತ್ತಾರೆ: ರೋಗಕಾರಕ, ಬಹುಶಃ ರೋಗಕಾರಕ, ಅರ್ಥ ಖಚಿತವಿಲ್ಲದ್ದು, ಬಹುಶಃ ನಿರುಪದ್ರವಿ, ನಿರುಪದ್ರವಿ. ಮೊದಲೆರಡು ಸಿಕ್ಕರೆ ಕ್ರಮ ಕೈಗೊಳ್ಳಬೇಕು. ನಡುವಿನದಕ್ಕೆ ವಿಯುಎಸ್ ಎನ್ನುತ್ತಾರೆ, ಹೆಚ್ಚಿನ ಕಣ್ಣೀರಿಗೂ ತಪ್ಪು ಆಪರೇಷನ್‌ಗಳಿಗೂ ಕಾರಣ ಅದೇ. ವಿಯುಎಸ್ ಸಿಕ್ಕರೆ ಅದರ ಆಧಾರದ ಮೇಲೆ ಯಾವ ಚಿಕಿತ್ಸೆಯನ್ನೂ ಬದಲಿಸಬಾರದು, ಮಕ್ಕಳಲ್ಲಿ ಅದನ್ನೇ ಹುಡುಕಿ ಅಪಾಯ ಹೇಳಬಾರದು. ಕಾಲಕ್ರಮದಲ್ಲಿ ಮರುದರ್ಜೆ ಪಡೆಯುವವುಗಳಲ್ಲಿ ಹೆಚ್ಚಿನವು ನಿರುಪದ್ರವಿ ಕಡೆಗೇ ಹೋಗುತ್ತವೆ. ಒಂದೆರಡು ವರ್ಷಕ್ಕೊಮ್ಮೆ ಲ್ಯಾಬಿಗೆ ಬರೆದು ದರ್ಜೆ ಬದಲಾಗಿದೆಯೇ ಕೇಳಿ.

ತಂದೆಯಲ್ಲಿ ರೋಗಕಾರಕ ದೋಷ ಸಿಕ್ಕಿತು ಎನ್ನಿ. ಆಗ ನಿಮಗೂ ಅಣ್ಣನಿಗೂ ದೊಡ್ಡ ಪ್ಯಾನಲ್ ಬೇಡ, ಆ ಒಂದೇ ಜಾಗವನ್ನು ನೋಡುವ ಪರೀಕ್ಷೆ ಸಾಕು. ತಂದೆಯ ರಿಪೋರ್ಟಿನ ಪ್ರತಿಯನ್ನು ಕಡ್ಡಾಯವಾಗಿ ಕೊಡಿ. ಬೇರೆ ಲ್ಯಾಬ್ ಆದರೆ ತಂದೆಯ ಮಾದರಿಯನ್ನೂ ಜತೆಗೆ ಓಡಿಸಿ, ಅದರಲ್ಲಿ ದೋಷ ಕಾಣುತ್ತದೆ ಎಂದು ಖಚಿತಪಡಿಸಿಕೊಂಡ ಮೇಲೆ ನಿಮ್ಮದನ್ನು ಓದಲಿ. ಸೋದರತ್ತೆಗೂ ಅವರ ಮಕ್ಕಳಿಗೂ ವಿಷಯ ತಿಳಿಸಬೇಕು. 18 ತುಂಬದ ಮಕ್ಕಳಿಗೆ ಲಿಂಚ್ ಪರೀಕ್ಷೆ ಬೇಡ, ಆ ವಯಸ್ಸಿನಲ್ಲಿ ಅದರಿಂದ ಮಾಡುವಂಥದ್ದು ಏನೂ ಇಲ್ಲ.

ದೋಷ ಬಂದವರಿಗೂ ದಾರಿ ಮುಚ್ಚಿಲ್ಲ. ಎಂಎಲ್‌ಎಚ್1, ಎಂಎಸ್‌ಎಚ್2 ಆದರೆ 75 ವರ್ಷದೊಳಗೆ ಕರುಳಿನ ಕ್ಯಾನ್ಸರ್ ಸಾಧ್ಯತೆ ಸುಮಾರು ಅರ್ಧದ ಹತ್ತಿರ, ಎಂಎಸ್‌ಎಚ್6, ಪಿಎಂಎಸ್2 ಆದರೆ ಅದಕ್ಕಿಂತ ಬಹಳ ಕಡಿಮೆ. ಮೊದಲೆರಡಕ್ಕೆ 20–25ನೇ ವಯಸ್ಸಿನಿಂದ 1–2 ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ, ಉಳಿದೆರಡಕ್ಕೆ 30–35ರಿಂದ, ಸ್ವಲ್ಪ ಹೆಚ್ಚಿನ ಅಂತರದಲ್ಲಿ. ಮನೆಯಲ್ಲಿ ಯಾರಿಗಾದರೂ ಬಹಳ ಬೇಗ ಬಂದಿದ್ದರೆ ಇನ್ನೂ ಮುಂಚೆ. ಹೆಂಗಸರಿಗೆ ಗರ್ಭಕೋಶ, ಅಂಡಾಶಯದ ವಿಚಾರವನ್ನು ಸ್ತ್ರೀರೋಗ ತಜ್ಞರೊಂದಿಗೆ ಮಾತಾಡಬೇಕು. ಲಿಂಚ್ ಇರುವ 861 ಜನರ ಮೇಲೆ ನಡೆದ ಕ್ಯಾಪ್2 ಪ್ರಯೋಗದಲ್ಲಿ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆಯಾದದ್ದು ಕಂಡಿತು, ಹತ್ತು ವರ್ಷಗಳ ಫಲಿತಾಂಶ 2020ರಲ್ಲಿ ಬಂತು. ಹೊಟ್ಟೆಹುಣ್ಣು, ರಕ್ತಸ್ರಾವದ ಅಪಾಯ ಇರುವುದರಿಂದ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು, ಸ್ವಂತವಾಗಿ ಶುರು ಮಾಡಬೇಡಿ. ತಂದೆಗೂ ಇದರಿಂದ ಉಪಯೋಗವಿದೆ: ಲಿಂಚ್ ಇದ್ದರೆ ಉಳಿದ ಕರುಳಿನಲ್ಲಿ ಎರಡನೇ ಕ್ಯಾನ್ಸರ್ ಬರಬಹುದು, ಅವರ ತಪಾಸಣೆಯ ಅಂತರವನ್ನೇ ಬದಲಿಸಬೇಕಾಗುತ್ತದೆ.

ತಂದೆಯಲ್ಲೂ ಏನೂ ಸಿಗದಿದ್ದರೆ? ಗೆಡ್ಡೆಯಲ್ಲಿ ಪ್ರೊಟೀನ್ ಕಳೆದಿದ್ದು, ಮಿಥೈಲೇಶನ್ ಇಲ್ಲದೆ, ರಕ್ತದಲ್ಲೂ ದೋಷ ಕಾಣದಿದ್ದರೆ ಗೆಡ್ಡೆಯ ಡಿಎನ್‌ಎಯನ್ನೇ ಓದಿಸಿ. ಅದೇ ಜೀನಿನ ಎರಡೂ ಪ್ರತಿಗಳು ಆ ಗೆಡ್ಡೆಯಲ್ಲಿ ಮಾತ್ರ ಕೆಟ್ಟಿರುವುದು ಸಾಕಷ್ಟು ಸಲ ಕಾಣುತ್ತದೆ. ಹಾಗಿದ್ದರೆ ಅದು ವಂಶದ್ದಲ್ಲ. ಪ್ರೊಟೀನ್‌ಗಳೂ ಸರಿ, ರಕ್ತವೂ ಸರಿ ಎಂದಾದರೆ ಸಣ್ಣಪುಟ್ಟ ಅನೇಕ ವ್ಯತ್ಯಾಸಗಳು ಕೂಡಿ ಅಪಾಯ ಏರಿರಬಹುದು. 2007ರಲ್ಲಿ 8ನೇ ವರ್ಣತಂತುವಿನ ಮೇಲೆ ಅಂಥ ಮೊದಲ ಜಾಗ ಸಿಕ್ಕಿತು, ಈಗ ಪಟ್ಟಿ 200 ದಾಟಿದೆ. ಒಂದೊಂದರ ಪ್ರಭಾವ ಬಹಳ ಅಲ್ಪ. ಇವನ್ನೆಲ್ಲ ಕೂಡಿಸಿ ಅಂಕ ಕೊಡುವ ಪರೀಕ್ಷೆಗಳಿವೆ. ಅವು ಹೆಚ್ಚಾಗಿ ಯುರೋಪ್ ಮೂಲದವರ ಮಾಹಿತಿಯಿಂದ ಕಟ್ಟಿದವು, ಬೇರೆಯವರಲ್ಲಿ ಅಷ್ಟು ನಿಖರವಲ್ಲ. ಅದಕ್ಕೆ ಈಗ ಹಣ ಹಾಕಬೇಡಿ ಎಂಬುದು ನಮ್ಮ ಸಲಹೆ. ಜೀನ್ ಸಿಗದಿದ್ದರೂ 50ರೊಳಗೆ ಕ್ಯಾನ್ಸರ್ ಬಂದ ತಂದೆಯ ಮಕ್ಕಳು ಎಂಬ ಸಂಗತಿ ಹಾಗೇ ಉಳಿಯುತ್ತದೆ. ಅಂಥವರಿಗೆ 40ನೇ ವಯಸ್ಸು, ಅಥವಾ ತಂದೆಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗಿನಿಂದ ಐದು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಬೇಕು.

ನಿಮ್ಮ ಲೆಕ್ಕ ಹಾಕಿ: 47ರಲ್ಲಿ ಹತ್ತು ಕಳೆದರೆ 37, ನಿಮಗೀಗ 36. ಲಿಂಚ್ ಸಂಶಯ ಬಗೆಹರಿಯದೆ ಇರುವಾಗ ಒಂದು ವರ್ಷ ಕಾಯುವುದರಲ್ಲಿ ಅರ್ಥವಿಲ್ಲ, ಈಗಲೇ ಮಾಡಿಸಿ. ಮಲಪರೀಕ್ಷೆ ಇದಕ್ಕೆ ಬದಲಿಯಾಗುವುದಿಲ್ಲ. ಕರುಳು ಸ್ವಚ್ಛಗೊಳಿಸುವ ಔಷಧಿಯನ್ನು ಅರ್ಧ ಹಿಂದಿನ ಸಂಜೆ, ಅರ್ಧ ಅದೇ ದಿನ ಬೆಳಗ್ಗೆ ಕುಡಿಯುವ ಕ್ರಮವೇ ಒಳ್ಳೆಯದು. ಪೂರ್ತಿ ಹಿಂದಿನ ದಿನವೇ ಕುಡಿದರೆ ಬೆಳಗಾಗುವಷ್ಟರಲ್ಲಿ ಬಲಭಾಗಕ್ಕೆ ಮತ್ತೆ ಕೊಳೆ ಇಳಿದಿರುತ್ತದೆ, ಲಿಂಚ್‌ನ ಗೆಡ್ಡೆಗಳು ಹೆಚ್ಚಾಗಿ ಕೂರುವುದೂ ಅಲ್ಲೇ. ರಿಪೋರ್ಟಿನಲ್ಲಿ ದೊಡ್ಡಕರುಳಿನ ಆರಂಭದ ತುದಿಯಾದ ಸೀಕಮ್ ತಲುಪಿದ್ದು, ಸ್ವಚ್ಛತೆ ಎಷ್ಟಿತ್ತು ಎಂಬುದು ಬರೆದಿರಬೇಕು. ಸ್ವಚ್ಛತೆ ಸಾಲದು ಎಂದು ಬರೆದಿದ್ದರೆ ಆ ಕೊಲೊನೋಸ್ಕೋಪಿ ಆಗಿಲ್ಲವೆಂದೇ ತಿಳಿದು ಬೇಗ ಮತ್ತೆ ಮಾಡಿಸಿ.

ಅಣ್ಣನ ಜೀನ್ ಪರೀಕ್ಷೆ ತಂದೆಯ ಫಲಿತಾಂಶ ಬರುವ ತನಕ ಕಾಯಲಿ. ಅವರ ಕೊಲೊನೋಸ್ಕೋಪಿ ಕಾಯಬಾರದು. ಅವರು ನಿಮಗಿಂತ ದೊಡ್ಡವರು, ಆ 37 ಅವರಿಗೆ ಈಗಾಗಲೇ ಬಂದಿದೆ ಅಥವಾ ದಾಟಿದೆ.